ಮಂದೆಯ ದಾರಿಗೆ ಮಹಮೂದಾಳ ಅಂದಾಜು

ಹಿರಿಯೂರಿನಿಂದ ಧರ್ಮಪುರದ ಕಡೆಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದರೆ ಮಹಮೂದಾ ಅರೆನಿದ್ದೆಗೆ ಜಾರಿಬಿಡುತ್ತಿದ್ದಳು. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಯಾರದೋ ಅಪ್ಪಣೆಗೆ ಕಾಯುವವರ ಹಾಗೆ ನಿಧಾನಕ್ಕೆ ತಿರುಗುತ್ತಿದ್ದವು. ಅವುಗಳ ರೆಕ್ಕೆಯ ಹಿಂದಿನಿಂದ ಅವಳ ಅಡಿಗೆಮನೆಯ ಡಬ್ಬಗಳು ಒಂದೊಂದಾಗಿ ತೇಲಿ ಬರುತ್ತಿದ್ದವು. ಅಕ್ಕಿ ಬೇಸಿಗೆಯ ಕೆರೆಯಂತೆ ಅಂಚು ಬಿಟ್ಟು ಇಳಿದಿದೆ. ಗ್ಯಾಸಿನ ಉರಿ ಕೆಂಪಗಾಗುತ್ತಿದೆ, ಇನ್ನು ಹೆಚ್ಚು ದಿನ ಬಾರದು. ಮಗಳು ಶಾಹಿಸ್ತಾ ಕಾಲೇಜು ರಜೆಗೆ ಚಿತ್ರದುರ್ಗದಿಂದ ಬರುತ್ತಾಳೆ, ಎಣ್ಣೆ ಹೆಚ್ಚಿಗೆ ಬೇಕು. ಕಣ್ಣು ಮುಚ್ಚಿಕೊಂಡೇ ಅವಳು ಇದನ್ನೆಲ್ಲ ನೋಡುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಯಾವುದೂ ಮುಗಿದುಹೋಗಿರಲಿಲ್ಲ. ಅದು ಹೇಗೆ ಎಂದು ಯಾರೂ ಕೇಳಿಯೂ ಇರಲಿಲ್ಲ. ಟ್ರಂಕು, ಬೀಗ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ಗಂಡ ಫಜಲುಲ್ಲಾ ಒಳ್ಳೆಯವನೇ. ಆದರೆ ಗುಡ್ಡದಲ್ಲಿ ಕಲ್ಲು ಇರುವಂತೆ ಡಬ್ಬದಲ್ಲಿ ಚಹಾಪುಡಿ ಇರುತ್ತದೆ ಎಂದು ಅವನು ನಂಬಿದ್ದ.

ಧರ್ಮಪುರದಿಂದಾಚೆ, ಆಂಧ್ರದ ಗಡಿಗೆ ಹತ್ತಿರವಿದ್ದ ಒಂದು ಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮಹಮೂದಾ ಔಷಧಿ ಕೊಡುವ ಕೆಲಸದಲ್ಲಿದ್ದಳು. ಜನರ ಬಾಯಲ್ಲಿ ಅವಳು ಮಾತ್ರೆ ಅಕ್ಕ. ಕಿಟಕಿಯ ಈಚೆ ಅವಳು, ಆಚೆ ಇಡೀ ಹೋಬಳಿಯ ಕೆಮ್ಮು, ಜ್ವರ, ಬಸಿರು, ಬಾಣಂತನ. ಹೆಂಗಸರು ಕೆಲವನ್ನು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನಿಂತರೆ ಸಾಕು, ಅವಳಿಗೆ ಗೊತ್ತಾಗುತ್ತಿತ್ತು. ಬಸಿರು ತಡೆಯಲು ವಾರಕ್ಕೊಂದು ನುಂಗುವ ಮಾತ್ರೆಯ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದಳು.

ಆ ವರ್ಷ ಸೇಂಗಾ ಕಿತ್ತು ಹೊಲಗಳೆಲ್ಲ ಬಯಲಾದ ಹೊತ್ತಿಗೆ ಬೆಂಗಳೂರಿನಿಂದ ಆರೋಗ್ಯ ಇಲಾಖೆಯ ಶಿವರಾಜ್ ಎಂಬ ಅಧಿಕಾರಿ ಬಂದ. ಹೆರಿಗೆಯ ಔಷಧಿ, ಬಸಿರಾಗದಂತೆ ಗರ್ಭಕೋಶದೊಳಗೆ ಇಡುವ ವಂಕಿ, ಗರ್ಭ ತಡೆಯುವ ಮಾತ್ರೆ, ಇವೆಲ್ಲ ಮುಂದಿನ ವರ್ಷ ಎಷ್ಟು ಬೇಕಾದೀತು ಎಂದು ಮೊದಲೇ ಲೆಕ್ಕ ಹಾಕುವ ಶಕ್ತಿ ನಮ್ಮ ದೇಶಕ್ಕೆ ಎಷ್ಟಿದೆ? ಅದನ್ನು ತಿಳಿಯಲು ಅಲ್ಲಲ್ಲಿ ಕೆಲವು ಜಿಲ್ಲೆಗಳನ್ನು ಆರಿಸಿಕೊಂಡಿದ್ದರು. ಬಿಸಿಲಿಗೆ ಮುಖ ಕೆಂಪಾಗಿದ್ದ ಶಿವರಾಜ್ ಕೊಟ್ಟ ನೀರನ್ನು ಗಟಗಟ ಕುಡಿದು, ಲ್ಯಾಪ್‌ಟಾಪ್ ತೆರೆದು, ವಿನಯದಿಂದಲೇ ಕೇಳಿದ. ಇಲ್ಲಿಗೆ ಎಷ್ಟು ಬೇಕೆಂದು ನೀವು ಹೇಗೆ ಅಂದಾಜು ಮಾಡುತ್ತೀರಿ?

ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನೇ ಮಹಮೂದಾ ಒಪ್ಪಿಸಿದಳು. ಹಿಂದಿನ ತಿಂಗಳುಗಳಲ್ಲಿ ಕೊಟ್ಟದ್ದನ್ನೆಲ್ಲ ಕೂಡಿಸಿ ಸರಾಸರಿ ತೆಗೆಯುತ್ತೇವೆ, ಅಷ್ಟನ್ನು ಕೇಳುತ್ತೇವೆ. ಶಿವರಾಜ್ ತಲೆಯಾಡಿಸಿದ. ಉತ್ತರ ಸರಿಯಾಗಿತ್ತು. ಆದರೆ ಬಸಿರು ತಡೆಯುವ ಮಾತ್ರೆ ತಿಂಗಳಿಗೆಷ್ಟು ಹೋಯಿತೆಂದು ತೋರಿಸುವ ಪರದೆಯ ಮೇಲಿನ ಗೆರೆ ಅವನಿಗೆ ಅರ್ಥವಾಗಲಿಲ್ಲ. ಸೇಂಗಾ ಕಿತ್ತ ತಿಂಗಳಲ್ಲಿ ಅದು ದುರ್ಗದ ಬಂಡೆಯ ಹಾಗೆ ಎದ್ದು ನಿಂತು, ಆಮೇಲೆ ಮಳೆಗಾಲದವರೆಗೂ ನೆಲಕ್ಕೆ ಅಂಟಿಕೊಂಡು ಮಲಗಿತ್ತು. ಇದೇಕೆ ಹೀಗೆ ಎಂದು ಕೇಳಿದ. ಆಗ ಕುರಿ ಹೋಗುತ್ತವೆ ಎಂದಳು ಮಹಮೂದಾ. ಕುರಿಗೂ ಈ ಮಾತ್ರೆಗೂ ಏನು ಸಂಬಂಧ ಎಂದು ಅವನು ನಗುತ್ತಿರುವಾಗಲೇ ಕಿಟಕಿಯಲ್ಲಿ ಅಂಜಲಿ ಕಾಣಿಸಿಕೊಂಡಳು.

ಅಂಜಲಿ ಕುರಿಯವರ ಮನೆಯ ಸೊಸೆ. ಬಯಲು ಬರಿದಾಗುತ್ತಲೇ ಅವರ ಗುಂಪು ಮಂದೆ ಎಬ್ಬಿಸಿಕೊಂಡು ಹಿರಿಯೂರು, ದುರ್ಗ, ಭರಮಸಾಗರದ ಮೇಲೆ ದಾವಣಗೆರೆಯ ಗದ್ದೆ ಬಯಲಿಗೆ ನಡೆಯುತ್ತಿತ್ತು. ಹೊರಡುವ ಮುನ್ನ ಗುಂಪಿನಿಂದ ಒಬ್ಬ ಹೆಂಗಸು ಬಂದು ಎಲ್ಲರ ಪಾಲಿನ ಮಾತ್ರೆಯನ್ನೂ, ಇಡೀ ತಿರುಗಾಟಕ್ಕೆ ಆಗುವಷ್ಟು, ಎಲೆಅಡಿಕೆ ಚೀಲದಲ್ಲಿ ತುಂಬಿಕೊಂಡು ಹೋಗುವುದು ಅವರ ಪದ್ಧತಿ. ಎರಡು ವರ್ಷದಿಂದ ಬರುತ್ತಿದ್ದವಳು ಅಂಜಲಿ.

"ನಾಳಿದ್ದು ಮಂದೆ ಎದ್ದೇಳ್ತೈತೆ ಅಕ್ಕ. ನಮ್ಮ ಆರು ಜನದ್ದು ಕೊಟ್ಬಿಡು."

ಮಹಮೂದಾ ಪೆಟ್ಟಿಗೆಯನ್ನು ಬಗ್ಗಿಸಿ ನೋಡಿದಳು. ಹಿಂದಿನ ವರ್ಷಗಳಲ್ಲಿ ಹಳೆಯ ದಾಸ್ತಾನು ಕೈ ಹಿಡಿದಿತ್ತು; ಈ ಸಲ ಸರಾಸರಿಗೆ ತಕ್ಕಂತೆ ಬಂದದ್ದರಲ್ಲಿ ಆ ತಿಂಗಳು ಹಳ್ಳಿಯವರಿಗೆ ಕೊಟ್ಟು ಉಳಿದದ್ದಷ್ಟೇ ತಳದಲ್ಲಿ ಮಲಗಿತ್ತು.

"ಐದೇ ಪಟ್ಟಿ ಐತಲ್ಲೇ."

"ಒಬ್ಬೊಬ್ರಿಗೆ ಐದಾ?"

"ಎಲ್ರಿಗೂ ಸೇರಿ."

ಅಂಜಲಿ ಬೆರಳು ಮಡಿಸುತ್ತ ಗುಂಪಿನ ಹೆಂಗಸರ ಹೆಸರನ್ನು ತುಟಿಯಲ್ಲೇ ಹೇಳಿಕೊಂಡಳು. ಐದನೆಯ ಬೆರಳು ಮಡಿಸಿದ ಮೇಲೆ ಕೈ ಚಾಚಿದಳು. "ಸರಿ ಬಿಡು. ಅವರಿಗೆ ಒಂದೊಂದು ಆಯ್ತು."

"ನಿಂದು?"

"ನಂದೇನು, ಹೆಂಗೋ ಆಗ್ತೈತೆ."

ಆ ದನಿ ಮಹಮೂದಾಳಿಗೆ ಚೆನ್ನಾಗಿ ಗೊತ್ತು. ಪಾತ್ರೆಯ ತಳ ಮೊದಲು ಕಾಣುವುದು ಬಡಿಸುವವಳಿಗೆ. ಎಲ್ಲರ ತಟ್ಟೆಗೂ ಸಾರು ಬಿದ್ದ ಮೇಲೆ, ಸೌಟಿಗೆ ಸಿಗದಷ್ಟು ಉಳಿದದ್ದನ್ನು ನೋಡಿ, ನನಗೆ ಹಸಿವಿಲ್ಲ ಎನ್ನುವಾಗ ಅವಳದೂ ಅದೇ ದನಿ. ಆದರೆ ಇದು ಒಂದು ಹೊತ್ತಿನ ಸಾರಲ್ಲ. ಅಂಜಲಿಗೆ ಹಿಂದಿನ ಹೆರಿಗೆ ಆದದ್ದು ಹರಿಹರದ ಕಡೆ ಗದ್ದೆಯ ಬದುವಿನ ಮೇಲೆ. ರಕ್ತ ನಿಲ್ಲದೆ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋಗಿ ಉಳಿಸಿದ್ದರು. ಮೈಯಲ್ಲಿ ರಕ್ತ ಕೂಡುವವರೆಗೆ ಇನ್ನೊಂದು ಬಸಿರು ನಿಂತರೆ ಜೀವಕ್ಕೆ ಅಪಾಯ ಎಂದು ವೈದ್ಯರು ಹೇಳಿದ್ದರು. ಮಕ್ಕಳಾಗದ ಆಪರೇಷನ್ನನ್ನೂ ಅದೇ ಕಾರಣಕ್ಕೆ ಮುಂದಕ್ಕೆ ಹಾಕಿದ್ದರು. ವಂಕಿ ಅವಳಿಗೆ ಒಗ್ಗಿರಲಿಲ್ಲ. ಗಂಡ ಬೀರೇಶನಿಗೆ ಎಂದು ಕೊಟ್ಟ ನಿರೋಧ್‌ಗಳನ್ನು ಅವನು ಊದಿ ಮಕ್ಕಳ ಕೈಗೆ ಕೊಟ್ಟಿದ್ದ. ಉಳಿದದ್ದು ಈ ಮಾತ್ರೆ ಒಂದೇ, ಅವಳ ಪಟ್ಟಿ ಮುಗಿದು ಆಗಲೇ ಒಂದು ವಾರ ದಾಟಿತ್ತು.

ತಂದುಕೊಡುತ್ತೇನೆ, ಅಲ್ಲಿಯವರೆಗೆ ಗಂಡನಿಂದ ದೂರ ಮಲಗು ಎಂದು ಮಹಮೂದಾ ತಗ್ಗಿದ ದನಿಯಲ್ಲಿ ಹೇಳಿದಳು.

"ಇರೋದೊಂದೇ ಗುಡಾರ ಅಕ್ಕ," ಎಂದು ಅಂಜಲಿ ನಕ್ಕಳು. ನಕ್ಕು ಚೀಲದ ದಾರ ಎಳೆದು ಕಟ್ಟಿಕೊಂಡು ಹೋದಳು.

ಶಿವರಾಜ್ ಈಗ ನಗುತ್ತಿರಲಿಲ್ಲ. ಆ ಗುಂಪು ವಾಪಸ್ಸು ಬರುವುದು ಯಾವಾಗ ಎಂದು ಕೇಳಿದ. ಹಿಂದಿನ ದಿನ ತಾನು ನೋಡಿದ ಇನ್ನೊಂದು ಆರೋಗ್ಯ ಕೇಂದ್ರದಲ್ಲಿ ಇದೇ ಮಾತ್ರೆ ಪೆಟ್ಟಿಗೆಗಟ್ಟಲೆ ಕೇಳುವವರಿಲ್ಲದೆ ಕೂತಿದೆ, ಅಲ್ಲಿಂದ ತರಿಸಿಕೊಳ್ಳಿ ಎಂದ. ಬೇರೆ ಏನಾದರೂ ನೆನಪಾದರೆ ಫೋನು ಮಾಡಿ ಎಂದು ನಂಬರು ಕೊಟ್ಟು ಹೊರಟ.

ಸಂಜೆಯ ಬಸ್ಸಿನಲ್ಲಿ ಮಹಮೂದಾಳಿಗೆ ಡಬ್ಬಗಳು ಕಾಣಲಿಲ್ಲ. ಮನೆಗೆ ಬೇಕಾದ್ದನ್ನು ತಾನು ಯಾವತ್ತಾದರೂ ಸರಾಸರಿಯಲ್ಲಿ ತಂದದ್ದುಂಟೇ ಎಂಬ ಯೋಚನೆ ಕಿಟಕಿಯ ಗಾಳಿಯ ಹಾಗೆ ಮುಖಕ್ಕೆ ಬಡಿಯಿತು. ರಂಜಾನಿಗೆ ಒಂದು ಲೆಕ್ಕ, ಮಗಳು ಬರುವಾಗ ಒಂದು, ನಾದಿನಿಯ ಮಕ್ಕಳು ಬಂದು ಕೂತಾಗ ಇನ್ನೊಂದು. ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂದು ನೋಡಿಯೇ ಅಲ್ಲವೆ ಅವಳು ಅಕ್ಕಿ ಹಾಕುತ್ತಿದ್ದದ್ದು? ಆ ಬುದ್ಧಿಯನ್ನು ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದಳು. ಕುರಿಯವರು ಪ್ರತಿವರ್ಷ ಹೋಗುವುದನ್ನು ಕಣ್ಣಾರೆ ಕಂಡೂ, ಆಮೇಲಿನ ಖಾಲಿ ತಿಂಗಳುಗಳನ್ನು ಕೂಡಿಸಿ ಭಾಗಿಸಿ, ಅವರಿಗೆ ಬೇಕಾದ್ದನ್ನು ತಾನೇ ತೆಳ್ಳಗೆ ಮಾಡಿಟ್ಟಿದ್ದಳು. ಮನೆಯ ಕೆಲಸ ಲೆಕ್ಕಕ್ಕೆ ಬರುವ ವಿದ್ಯೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ; ಅವಳೂ ಹಾಗೆಂದುಕೊಂಡಿರಲಿಲ್ಲ.

ವೈದ್ಯರ ಸಹಿಯಾಗಿ, ಆ ಕೇಂದ್ರದವರು ಒಪ್ಪಿ, ಮಾತ್ರೆ ಅವಳ ಕೈಗೆ ಬರುವಷ್ಟರಲ್ಲಿ ಮಂದೆ ಎದ್ದು ಹೋಗಿತ್ತು. ಬೀರೇಶನ ಫೋನು ಸತ್ತೇ ಇರುತ್ತಿತ್ತು. ಹಾಗಾಗಿ ಮಹಮೂದಾ ಬಸ್ ಕಂಡಕ್ಟರುಗಳನ್ನು ಕೇಳತೊಡಗಿದಳು. ಹಿರಿಯೂರು ದಾಟಿದರಂತೆ. ಐಮಂಗಲದ ಬಳಿ ಕುರಿಗಳು ರಸ್ತೆಗೆ ಅಡ್ಡ ಬಂದು ಲಾರಿಗಳನ್ನು ನಿಲ್ಲಿಸಿದ್ದವಂತೆ. ದುರ್ಗದ ಹೊರಗೆ ಬಂಡೆಗಳ ನಡುವೆ ಕಂಡವಂತೆ. ಹೀಗೆ ಟಿಕೇಟಿನ ಜೊತೆ ಸಿಕ್ಕ ಚೂರು ಮಾತುಗಳಿಂದಲೇ ಅವಳು ಮಂದೆಯ ಹಿಂದೆ ನಡೆದಳು. ನಿದ್ದೆಯಲ್ಲಿ ಅವಳಿಗೆ ಕುರಿಗಳು ಕಾಣುತ್ತಿರಲಿಲ್ಲ, ಅವುಗಳ ಧೂಳು ಕಾಣುತ್ತಿತ್ತು. ಧೂಳಿನೊಳಗೆ ಬೆನ್ನಿಗೆ ಮಗುವನ್ನು ಕಟ್ಟಿಕೊಂಡು, ತಲೆಯ ಮೇಲೆ ಗುಡಾರದ ಗಂಟು ಹೊತ್ತು, ಕಂಕುಳಲ್ಲಿ ನಿನ್ನೆ ಹುಟ್ಟಿದ ಮರಿಯನ್ನು ಅವುಚಿಕೊಂಡು ನಡೆಯುವ ಒಬ್ಬ ಹೆಂಗಸು. ಕುರಿ ಮೇಯಿಸಲು ಗಂಡಸರು ಹೋದರು ಎಂದೇ ಊರವರೆಲ್ಲ ಹೇಳುತ್ತಿದ್ದರು. ಹಾಗಾದರೆ ಈ ಹೆಂಗಸು ಹೋಗುತ್ತಿರುವುದು ಎಲ್ಲಿಗೆ ಎಂದು ಮಹಮೂದಾ ಕನಸಿನಲ್ಲಿ ಯಾರನ್ನೋ ಕೇಳುತ್ತಿದ್ದಳು.

ಭಾನುವಾರದ ಹೊತ್ತಿಗೆ ಭರಮಸಾಗರದ ಕೆರೆ ಮುಟ್ಟಬೇಕು ಎಂದು ಅವಳ ಅಂದಾಜು. ಆ ದಿನ ನಸುಕಿನಲ್ಲೇ ಬುರ್ಖಾ ತೊಟ್ಟು ಚೀಲ ಹಿಡಿದು ಹೊರಟವಳನ್ನು ಫಜಲುಲ್ಲಾ ತಡೆದು, ರಜೆಯ ದಿನ ಎಲ್ಲಿಗೆ, ಊಟದ ಗತಿಯೇನು ಎಂದ. ಮನೆಯಲ್ಲಿ ಎಲ್ಲವೂ ಇದೆ, ಎರಡು ಕೈ ಮಾತ್ರ ಬೇಕು ಎಂದು ಹೇಳಿ ಅವಳು ಮೆಟ್ಟಿಲಿಳಿದಳು.

ಭರಮಸಾಗರದ ಕೆರೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಏರಿಯ ಮೇಲೆ ನಿಂತು ನೋಡಿದರೆ ಎಲ್ಲಿ ಮಂಜು ಮುಗಿದು ಎಲ್ಲಿ ಕುರಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಮಂಜಿನ ಒಂದು ತುಂಡು ಕೆಮ್ಮಿದಾಗ ಅದು ಕುರಿ ಎಂದು ಗೊತ್ತಾಯಿತು. ಮೊದಲು ಸಿಕ್ಕ ಗುಂಪು ಬೇರೆ ಊರಿನವರದು. ಹಿರಿಯೂರು ಕಡೆಯವರು ತೂಬಿನ ಹತ್ತಿರ ಇಳಿದಿದ್ದಾರೆ ಎಂದು ಅವರೇ ಕೈ ತೋರಿಸಿದರು. ಮಹಮೂದಾ ಚಪ್ಪಲಿ ಕೈಯಲ್ಲಿ ಹಿಡಿದು ಒದ್ದೆ ಹುಲ್ಲಿನಲ್ಲಿ ನಡೆದಳು. ತಡವಾಯಿತೇ, ತಡವಾಯಿತೇ ಎಂದು ಹುಲ್ಲು ಕೇಳುತ್ತಿದ್ದ ಹಾಗಿತ್ತು.

ಮೂರು ಕಲ್ಲಿನ ಒಲೆಯ ಮುಂದೆ ಅಂಜಲಿಯ ಅತ್ತೆ ಬೋರಕ್ಕ ರೊಟ್ಟಿ ಬಡಿಯುತ್ತಿದ್ದಳು. ಬೀರೇಶ್ ಕಂಬಳಿ ಹೊದ್ದು ಇನ್ನೂ ಮಲಗಿದ್ದ. ಅಂಜಲಿ ಕೆರೆಯಿಂದ ಎರಡು ಕೊಡ ಹೊತ್ತು ಬಂದಳು. ಮಹಮೂದಾಳನ್ನು ಕಂಡು ಕೊಡ ಇಳಿಸಲು ಮರೆತು ಹಾಗೇ ನಿಂತಳು. ಮಹಮೂದಾ ಒಂದು ಕೊಡಕ್ಕೆ ಕೈ ಕೊಟ್ಟು ಇಳಿಸುತ್ತಾ ಅವಳ ಮುಖ ನೋಡಿದಳು.

"ಇವತ್ತು ಬೆಳಗ್ಗೆ ಮುಟ್ಟಾದೆ ಅಕ್ಕ," ಎಂದಳು ಅಂಜಲಿ.

ಮಹಮೂದಾ ಅಲ್ಲೇ ಹುಲ್ಲಿನ ಮೇಲೆ ಕುಳಿತುಬಿಟ್ಟಳು. ಬೋರಕ್ಕ ಬಿಸಿ ರೊಟ್ಟಿಗೆ ಸೇಂಗಾ ಚಟ್ನಿ ಹಾಕಿ ಅವಳ ಕೈಗಿಟ್ಟಳು. ರೊಟ್ಟಿ ಮುರಿಯುತ್ತಾ ಮಹಮೂದಾ ವಿವರಿಸಿದಳು. ಮಾತ್ರೆ ತಪ್ಪಿಹೋಗಿರುವುದರಿಂದ ಇವತ್ತಿನಿಂದಲೇ ಹೊಸದಾಗಿ ಶುರು ಮಾಡಬೇಕು, ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ಒಂದು. ಅದಕ್ಕೇ ನಿನ್ನ ಪಾಲಿಗೆ ಹೆಚ್ಚು ತಂದಿದ್ದೇನೆ. ಉಳಿದವರ ಪಾಲೂ ಇದೆ, ಊರಿಗೆ ಮರಳುವವರೆಗೂ ಸಾಕು.

ಅಂಜಲಿ ಚೀಲ ತೆಗೆದುಕೊಂಡು ಬೇರೆ ಗುಡಾರಗಳ ಕಡೆ ಹೊರಟಳು. ಮಹಮೂದಾ ಅವಳ ಸೀರೆಯ ನೆರಿಗೆ ಹಿಡಿದೆಳೆದಳು.

"ಮೊದ್ಲು ನೀನು ನುಂಗು. ನಾನು ನೋಡ್ಬೇಕು. ಆಮೇಲೆ ಹಂಚೀಯಂತೆ."

ಆಮೇಲೆ ಬೋರಕ್ಕನ ಕಡೆ ತಿರುಗಿ, ಇಲ್ಲಿಂದ ಮುಂದೆ ಎಲ್ಲೆಲ್ಲಿ ಇರುತ್ತೀರಿ ಎಂದು ಕೇಳಿದಳು. ಬೋರಕ್ಕ ಒಲೆಗೆ ಕಡ್ಡಿ ತಳ್ಳುತ್ತಾ ಹೇಳಿದಳು. ಹೇಳುತ್ತಾ ಹೋದಳು. ಮಹಮೂದಾ ನಡುವೆ ತಡೆದು, ಶಿವರಾಜ್‌ಗೆ ಫೋನು ಹಚ್ಚಿ, ಅವತ್ತು ಹೇಳಿದ ಸರಾಸರಿಯ ಉತ್ತರ ಸಾಲದು ಎಂದಷ್ಟೇ ಹೇಳಿ ಫೋನನ್ನು ಬೋರಕ್ಕನ ಹಿಟ್ಟಿನ ಕೈಗೆ ಕೊಟ್ಟಳು. ಬೋರಕ್ಕ ಅದನ್ನು ಕಿವಿಗೆ ಹಚ್ಚದೆ ಬಾಯಿಯ ಮುಂದೆ ರೊಟ್ಟಿಯಂತೆ ಹಿಡಿದು, ಕೆರೆಯ ಆಚೆ ದಡದವರಿಗೆ ಕೂಗಿ ಹೇಳುವ ದನಿಯಲ್ಲಿ ಶುರುಮಾಡಿದಳು.

"ಸಂಕ್ರಾಂತಿಗೆ ಹರಿಹರದ ಗದ್ದೆಯಾಗೆ ಇರ್ತೀವಪ್ಪ. ಶಿವರಾತ್ರಿ ಆಯ್ತು ಅಂದ್ರೆ ನೀರಿನ ಚಾನಲ್ ಬುಡಕ್ಕೆ. ಯುಗಾದಿ ಆದ್ಮೇಲೆ ಹೊಳಲ್ಕೆರೆ ಮೇಲೆ ಹೊಸದುರ್ಗ. ಮಳೆ ಬಿದ್ರೆ ಊರು. ಬರ್ಕಂಡ್ಯಾ? ಇಲ್ಲ ಅಂದ್ರೆ ಇನ್ನೊಂದ್ಸಲ ಹೇಳ್ತೀನಿ, ನಂಗೇನು ಅವಸರ ಇಲ್ಲ."

ಅವನು ಇನ್ನೊಂದು ಸಲ ಕೇಳಿದನೆಂದು ಕಾಣುತ್ತದೆ, ಅವಳು ಮತ್ತೆ ಸಂಕ್ರಾಂತಿಯಿಂದ ಹಿಡಿದಳು. ಊರುಗಳ ಹೆಸರು ಒಂದೊಂದಾಗಿ ಮಂಜಿನೊಳಗೆ ಹೋಗುತ್ತಿದ್ದವು. ಅಂಜಲಿ ಪಟ್ಟಿಯಿಂದ ಒಂದು ಮಾತ್ರೆ ಒತ್ತಿ ತೆಗೆದು ನಾಲಿಗೆಯ ಮೇಲಿಟ್ಟು, ಕೊಡವನ್ನು ಬಾಗಿಸಿ ಬೊಗಸೆ ನೀರು ಕುಡಿದಳು. ಕುಡಿದು, ನುಂಗಿದೆ ನೋಡು ಎಂಬಂತೆ ಬಾಯಿ ಅಗಲಿಸಿ ತೋರಿಸಿದಳು.