ಬೆಲ್ಟು ನಿಲ್ಲಿಸುವ ಹಗ್ಗ

ಇವತ್ತು ಬೆಳಗ್ಗೆ ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಇನ್ನೂ ಸರಿಯಾಗಿ ಕೂತಿರಲಿಲ್ಲ, ಎದುರಿನ ಹೆಂಗಸಿನ ಚೀಲದಿಂದ ಕಳಿತ ಮಾವಿನ ವಾಸನೆ ಬಂತು. ನಿಮಗಾದರೆ ಬಾಯಲ್ಲಿ ನೀರೂರುತ್ತಿತ್ತೇನೋ. ನನ್ನ ಕಾಲು ತಾನಾಗಿಯೇ ಕುಣಿಯತೊಡಗಿತು. ಎಲ್ಲೋ ಏನೋ ನಿಂತುಹೋಗಿದೆ, ನಾನು ತಡಮಾಡುತ್ತಿದ್ದೇನೆ ಎಂಬ ತಳಮಳ. "ಯಾಕಮ್ಮ, ಒಟ್ಟೆ ನೋವಾ?" ಎಂದು ಆಕೆ ಕೇಳಿದರು. ಮಾವಿನಹಣ್ಣಿನ ವಾಸನೆಗೆ ಹೀಗಾಗುತ್ತದೆ ಎಂದರೆ ಏನಂದುಕೊಂಡಾರು? ನಕ್ಕು ಕಿಟಕಿಯ ಕಡೆ ಸರಿದು ಕೂತೆ.

ನಾನು ಮೋಟಾರಿನ ಡ್ರೈವ್ ರಿಪೇರಿ ಮಾಡುವವಳು. ಡ್ರೈವ್ ಎಂದರೆ ಮೋಟಾರು ಎಷ್ಟು ವೇಗವಾಗಿ ತಿರುಗಬೇಕು ಎಂದು ನಿರ್ಧರಿಸುವ ಪೆಟ್ಟಿಗೆ. ಅದು ಕೆಟ್ಟಾಗ ತನ್ನ ಪುಟ್ಟ ಪರದೆಯ ಮೇಲೆ ಒಂದು ಕೋಡ್ ತೋರಿಸುತ್ತದೆ. ಎಲ್ಲ ಕೋಡ್‌ಗಳಲ್ಲೂ ನನ್ನನ್ನು ಹೆಚ್ಚು ಕಾಡುವುದು 'ಇಎಫ್', ಎಕ್ಸ್‌ಟರ್ನಲ್ ಫಾಲ್ಟ್. ನನ್ನೊಳಗೇನೂ ಕೆಟ್ಟಿಲ್ಲ, ಹೊರಗಿನವರು ಯಾರೋ ನಿಲ್ಲು ಅಂದರು, ನಿಂತೆ ಎಂದು ಅದರ ಅರ್ಥ. ಯಾರು ಅಂದರು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಇದನ್ನು ಅಮ್ಮನಿಗೆ ವಿವರಿಸಿದಾಗ, "ಹೊರಗಿನ ದೋಷ ಅಂದ್ರೆ ದೃಷ್ಟಿ ಕಣೇ, ಇಷ್ಟಕ್ಕೆ ಡಿಪ್ಲೊಮಾ ಬೇಕಿತ್ತಾ?" ಎಂದಿದ್ದಳು.

ಮಾವಿನ ವಾಸನೆಗೆ ಈ ತಳಮಳ ಅಂಟಿಕೊಂಡದ್ದು ಹೋದ ವರ್ಷ. ಕಾಮಸಮುದ್ರದ ರಸ್ತೆಯಲ್ಲಿದ್ದ ಒಂದು ಮಾವಿನ ತಿರುಳಿನ ಕಾರ್ಖಾನೆಗೆ ನಾನು ಹೋದಾಗ ಡ್ರೈವ್‌ನ ಬಾಗಿಲಿಗೆ ಆಗಲೇ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಅಮ್ಮನ ಕಡೆಯವರು ಎಲ್ಲ ಕಡೆಯೂ ಇದ್ದಾರೆ. ಹೊರಗೆ ಲಾರಿಗಳ ಸಾಲು, ಬಿಸಿಲಿನಲ್ಲಿ ಹಣ್ಣು ಕೊಳೆಯುತ್ತಿತ್ತು. ಒಳಗೆ ಬೆಲ್ಟಿನ ಎರಡೂ ಬದಿ ಹಣ್ಣು ಆರಿಸಲು ನಿಂತ ಹೆಂಗಸರು. ಬೆಲ್ಟು ಸ್ವಲ್ಪ ಹೊತ್ತು ಓಡುತ್ತಿತ್ತು, ಇಎಫ್ ಎಂದು ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು.

ಬೆಲ್ಟಿನ ಉದ್ದಕ್ಕೂ ಒಂದು ಹಗ್ಗ ಹಾದುಹೋಗಿತ್ತು. ಅಪಾಯವಾದರೆ ಯಾರು ಬೇಕಾದರೂ ಅದನ್ನು ಎಳೆಯಬಹುದು. ತುದಿಯ ಸ್ವಿಚ್ಚು ಡ್ರೈವ್‌ಗೆ ಸುದ್ದಿ ಮುಟ್ಟಿಸುತ್ತದೆ, ಬೆಲ್ಟು ನಿಲ್ಲುತ್ತದೆ. ಕೈಬಿಟ್ಟ ಕೂಡಲೇ ಹಗ್ಗ ಮೊದಲಿನಂತಾಗುತ್ತಿದ್ದುದರಿಂದ ಎಳೆದವರು ಯಾರೆಂದು ಗುರುತು ಉಳಿಯುತ್ತಿರಲಿಲ್ಲ.

ಮ್ಯಾನೇಜರಿಗೆ ಗುರುತು ಬೇಕಾಗಿಯೂ ಇರಲಿಲ್ಲ. "ಈ ಹೆಂಗಸರೇ ಎಳೆಯೋದು, ಕಾಲು ನೋವು ಅಂತ. ಮುನಿಯಮ್ಮನೇ ಇವರಿಗೆ ಲೀಡರು. ನೀವು ಹಗ್ಗದ ಸ್ವಿಚ್ಚಿನ ವೈರು ಬರೋ ಆ ಎರಡು ಟರ್ಮಿನಲ್‌ಗೆ ಒಂದು ವೈರ್ ಹಾಕಿ ಸೇರಿಸಿಬಿಡಿ. ಯಾರು ಎಳೆದರೂ ನಿಲ್ಲಬಾರದು. ನಾಳೆಯಿಂದ ಇವರ್‍ಯಾರೂ ಬರೋದು ಬೇಡ, ಬೇರೆಯವರನ್ನ ಕರೆಸ್ತೀನಿ."

ಬೆಲ್ಟು ನಿಂತಾಗಲೆಲ್ಲ ಸ್ವಿಚ್ಚಿಗೆ ಮೀಟರು ಹಿಡಿದು ನೋಡಿದ್ದೆ, ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಹೊರಗೆ ಲಾರಿಯವರ ಹಾರನ್ ಸದ್ದು, ಒಳಗೆ ನನ್ನ ಬೆನ್ನ ಮೇಲೆ ಮ್ಯಾನೇಜರ ಉಸಿರು. ವೈರಿನ ಒಂದು ತುಂಡು ಕತ್ತರಿಸಿ, ಎರಡೂ ತುದಿಯ ಸಿಪ್ಪೆ ಬಿಡಿಸಿ ಕೈಯಲ್ಲಿ ಹಿಡಿದುಕೊಂಡೆ. ಹಾಕಿಬಿಟ್ಟರೆ ಮಧ್ಯಾಹ್ನದ ರೈಲಿಗೆ ಮನೆ ಸೇರಬಹುದಿತ್ತು.

ಮ್ಯಾನೇಜರು ಲಾರಿಯವರ ಕಡೆ ಹೋದಾಗ ಮುನಿಯಮ್ಮ ಹತ್ತಿರ ಬಂದರು. ಐವತ್ತು ದಾಟಿದ ಗಟ್ಟಿ ಹೆಂಗಸು, ಮೊಣಕೈವರೆಗೂ ಹಳದಿ ರಸ.

"ನಾವ್ಯಾಕಮ್ಮ ಎಳೀತೀವಿ? ನಿಂತಷ್ಟು ಒತ್ತೂ ಹಣ್ಣು ನಮ್ ಮುಂದೇನೇ ಗುಡ್ಡೆ ಬೀಳ್ತದೆ, ಆಮೇಲೆ ನಮ್ಗೇ ಡಬಲ್ ಕೆಲ್ಸ" ಎಂದವರು ದನಿ ತಗ್ಗಿಸಿದರು. "ಒಂದ್ ಸಲ ಮಾತ್ರ ಎಳ್ದಿದ್ದೆ. ನಿನ್ನೆ. ಅಮರಾವತಿ ಸೆರಗು ಆ ಉರುಳೆಗೆ ಸಿಕ್ಕಂಡು ಕತ್ತು ಬಿಗೀತಿತ್ತು. ಯಾರ್ಗೂ ಏಳ್ಬೇಡ ತಾಯಿ. ಸೆರಗು ಯಾಕೆ ಕಟ್ಟಿಲ್ಲ ಅಂತ ಅವ್ಳನ್ನ ಮನೆಗ್ ಕಳಿಸ್ಬಿಡ್ತಾರೆ."

ಪಕ್ಕದಲ್ಲಿ ಎಳೆವಯಸ್ಸಿನ ಹುಡುಗಿಯೊಬ್ಬಳು ತಲೆ ಬಗ್ಗಿಸಿ ಹಣ್ಣು ಆರಿಸುತ್ತಿದ್ದಳು. ಕೊರಳ ಸುತ್ತ ಕೆಂಪಗೆ ಒಂದು ಬರೆ. ಸೆರಗು ಈಗ ಸೊಂಟಕ್ಕೆ ಬಿಗಿದಿತ್ತು.

ವೈರಿನ ತುಂಡನ್ನು ಕಸದ ಬುಟ್ಟಿಗೆ ಎಸೆದೆ.

ಬೆಲ್ಟು ಓಡುವಾಗಲೇ ನೋಡಬೇಕು ಎಂಬುದು ಆಗ ಹೊಳೆಯಿತು. ಹೆಂಗಸರಿಗೆಲ್ಲ ಹಗ್ಗದಿಂದ ದೂರ ನಿಲ್ಲಲು ಹೇಳಿ, ಸ್ವಿಚ್ಚಿಗೆ ಮೀಟರು ಸಿಕ್ಕಿಸಿ, ಬೆಲ್ಟು ಓಡಿಸಿ ಕೂತೆ. ಮ್ಯಾನೇಜರೂ ಬಂದು ನಿಂತರು. ಹಣ್ಣಿನ ಭಾರಕ್ಕೆ ಬೆಲ್ಟು ಅದುರಿದಾಗ ಮೀಟರಿನ ಮುಳ್ಳು ಒಮ್ಮೆ ನಡುಗಿತು. ಇನ್ನೊಮ್ಮೆ ನಡುಗಿದ್ದೇ ಬೆಲ್ಟು ನಿಂತಿತು. ಹಗ್ಗದ ಹತ್ತಿರ ಒಬ್ಬರೂ ಇರಲಿಲ್ಲ.

ಕರೆಂಟು ತೆಗೆದು ಸ್ವಿಚ್ಚಿನ ಮುಚ್ಚಳ ಬಿಚ್ಚಿದರೆ ಒಳಗೆ ಇರುವೆಯ ಸಂಸಾರ! ನೆಲ ತೊಳೆಯುವಾಗ ರಸದ ನೀರು ಒಳಗೆ ಸಿಡಿದು ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು, ಅದನ್ನು ಹುಡುಕಿಕೊಂಡು ಇರುವೆಗಳು ಬಂದಿದ್ದವು. ಬೆಲ್ಟು ಅದುರಿದಾಗ ಅವು ನಡುವೆ ಸಿಕ್ಕು ಒಳಗಿನ ಸಂಪರ್ಕ ತಪ್ಪುತ್ತಿತ್ತು, ಯಾರೋ ಹಗ್ಗ ಎಳೆದರು ಎಂದು ಡ್ರೈವ್ ತಿಳಿಯುತ್ತಿತ್ತು. ಪಾಪ, ಅವಕ್ಕೆ ಅದು ಅರಮನೆ. ಮೂಲೆಯಲ್ಲಿ ಸುಮ್ಮನಿದ್ದ ಹಳೆಯ ಬೆಲ್ಟಿನಿಂದ ಅಂಥದ್ದೇ ಸ್ವಿಚ್ಚು ಬಿಚ್ಚಿ, ಪರೀಕ್ಷಿಸಿ ಹಾಕಿದೆ. ನೀರು ನುಗ್ಗದಂತೆ ಮುಚ್ಚಳಕ್ಕೆ ಹೊಸ ರಬ್ಬರು ಕೂರಿಸಿದೆ. ಆಮೇಲೆ ಸಂಜೆಯವರೆಗೂ ಬೆಲ್ಟು ನಿಲ್ಲಲಿಲ್ಲ.

"ಅಂದ್ರೆ ಇಷ್ಟು ದಿನ ಎಳೀತಿದ್ದದ್ದು ಇರುವೆಗಳಾ?" ಮ್ಯಾನೇಜರು ಕೇಳಿದರು. "ಎಲ್ಲಾ ಸಲವೂ?"

"ಎಲ್ಲಾ ಸಲವೂ" ಎಂದೆ.

ನನಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. ಅವರು ನನ್ನ ಕಿವಿ ನೋಡಲಿಲ್ಲ. ಮುನಿಯಮ್ಮ ಮುಖ ಎತ್ತದೆ ಕೊಳೆತ ಹಣ್ಣೊಂದನ್ನು ಬುಟ್ಟಿಗೆ ಹಾಕಿದರು. ಅವರ್‍ಯಾರನ್ನೂ ಮನೆಗೆ ಕಳಿಸಲಿಲ್ಲ. ಆದರೂ ಆ ರಾತ್ರಿ ನನಗೆ ನೆಮ್ಮದಿಯಾಗಿ ನಿದ್ದೆ ಬರಲಿಲ್ಲ. ಮುನಿಯಮ್ಮ ಎರಡು ನಿಮಿಷ ತಡವಾಗಿ ಬಂದಿದ್ದರೆ ಆ ವೈರು ಹಾಕಿಬಿಟ್ಟಿರುತ್ತಿದ್ದೆನಲ್ಲ?

ಇವತ್ತು ಬಂಗಾರಪೇಟೆಯಲ್ಲಿ ಇಳಿದು ಹೋದದ್ದು ಟೊಮೆಟೊ ವಿಂಗಡಿಸುವ ಶೆಡ್ಡಿಗೆ. ಹೊಸ ಡ್ರೈವ್ ಹಾಕಿ ಮುಗಿಸಿದ ಮೇಲೆ ಮಾಲೀಕರು ಕಾಫಿಗೆ ಕರೆದರು. ನಾನು ಮೊದಲು ಓಡುತ್ತಿದ್ದ ಬೆಲ್ಟಿನ ಹತ್ತಿರ ಹೋಗಿ, ಕೊನೆಯಲ್ಲಿ ನಿಂತಿದ್ದ ಹೆಂಗಸಿಗೆ ಅಲ್ಲೂ ಇದ್ದ ನಿಲ್ಲಿಸುವ ಹಗ್ಗ ಎಳೆಯಲು ಹೇಳಿದೆ.

ಆಕೆ ಮಾಲೀಕರ ಮುಖ ನೋಡಿದರು. "ನಾನಾ? ನಾನ್ ಎಳುದ್ರೆ ನಿಲ್ತದಾ?"

"ಎಳೆದು ನೋಡಿ."

ಎರಡು ಬೆರಳಲ್ಲಿ, ಹೆದರಿ ಹೆದರಿ ಎಳೆದರು. ಬೆಲ್ಟು ಗಕ್ಕನೆ ನಿಂತಿತು. ಆಕೆ ತನ್ನ ಕೈಯನ್ನೇ ಒಮ್ಮೆ ನೋಡಿಕೊಂಡರು.

"ಇನ್ನೊಂದ್ ಸಲ ಎಳೀಲಾ?" ಎಂದರು.