ಪಕ್ಕದ ಸೀಟು

ಪೀಣ್ಯದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಜಾಲಹಳ್ಳಿಯ ರಿಟೈರ್ಡ್ ಸಾಹೇಬರೊಬ್ಬರ ಹತ್ತಿರ ಎರಡೇ ಸೀಟಿನ ಹಳೇ ವಿಮಾನವಿದೆ. ಅದರ ಬ್ಯಾಟರಿ ಚಾರ್ಜ್ ಮಾಡೋ ಜನರೇಟರ್ ಮೇಲಿಂದ ಮೇಲೆ ಸುಟ್ಟುಹೋಗಿ ನನ್ನ ಟೇಬಲ್ಲಿಗೆ ಬರೋದು. ರಿಪೇರಿ ಮಾಡಿದವರೇ ಮೊದಲ ಹಾರಾಟದಲ್ಲಿ ಪಕ್ಕ ಕೂರಬೇಕು ಅನ್ನೋದು ಸಾಹೇಬರ ಕಟ್ಟುನಿಟ್ಟು. ಹಾಗಾಗಿ ಅದು ಕೆಟ್ಟಾಗಲೆಲ್ಲ ನಾನು ಆಕಾಶ ಸುತ್ತಿ ಬರ್ತಿದ್ದೆ.

ಹೋದ ತಿಂಗಳು ಫೋನ್ ಮಾಡಿದರು. "ಜನರೇಟರ್ ತೆಗೆಸಿ, ಅದೇ ಕೆಲಸ ಮಾಡೋ ಹೊಸ ಕಾಲದ ಆಲ್ಟರ್ನೇಟರ್ ಹಾಕಿಸ್ತಿದ್ದೀನಿ. ಬನ್ನಿ, ನೋಡಿ."

ಹೋದೆ. ಬ್ರೂಕ್‌ಫೀಲ್ಡಿನಿಂದ ಬಂದ ಇಂಜಿನಿಯರ್ ಮೇಡಂ ಅದನ್ನು ಕೂರಿಸಿ ಮುಗಿಸಿದ್ದರು. ಇಂಜಿನ್ ಇನ್ನೂ ನಿಧಾನಕ್ಕೆ ಗುರುಗುಡುತ್ತಿರುವಾಗಲೇ ಚಾರ್ಜ್ ತೋರಿಸೋ ಮುಳ್ಳು ಮೇಲೆದ್ದು ನಿಂತಿತು. ನನ್ನ ಜನರೇಟರ್ ಇದ್ದಾಗ, ಇಂಜಿನ್ ಜೋರಾಗಿ ಓಡೋತನಕ ಆ ಮುಳ್ಳು ಅಲ್ಲಾಡ್ತಿರಲಿಲ್ಲ. ಹೊಟ್ಟೆ ಉರೀತು.

"ತೂಕಾನೂ ಕಮ್ಮಿ ಕಣ್ರೀ," ಅಂತ ಸಾಹೇಬರು ಹಳೇದನ್ನು ನನ್ನ ಕೈಗೆ ಹಾಕಿದರು.

ಮೇಡಂ ನನ್ನ ಹೆಡ್‌ಫೋನ್ ಹಾಕ್ಕೊಂಡು ನನ್ನ ಸೀಟಲ್ಲಿ ಕೂತರು. ನಾನು ಜನರೇಟರನ್ನು ಕೂಸಿನ ಹಾಗೆ ಎತ್ತಿಕೊಂಡು ಕೆಳಗೆ ನಿಂತಿದ್ದೆ. ಮೇಲೆ ಹೋದಮೇಲೆ ಆ ಹೊಸದು ಕೆಡಲಿ ಅಂತಲೂ ಅಂದುಕೊಂಡೆ. ಸಾಹೇಬರೂ ಒಳಗಿದ್ದಾರಲ್ಲ ಅಂತ ವಾಪಸ್ ತಗೊಂಡೆ.

ಇಳಿದು ಬಂದಾಗ ಮೇಡಂ ಮುಖ ಅರಳಿತ್ತು. "ಸಕ್ಕತ್ತಾಗಿತ್ತು ಅಣ್ಣ. ಇನ್ನೊಂದು ರೌಂಡ್ ಹೋಗ್ಬೇಕು ಅನ್ನಿಸ್ತಿದೆ."

"ಈ ಆಲ್ಟರ್ನೇಟರ್ ಯಾವಾಗ ರಿಪೇರಿಗೆ ಬರುತ್ತೆ ಮೇಡಂ?"

"ಇದು ಕೆಡೋ ಮಾತೇ ಇಲ್ಲ ಅಣ್ಣ."

"ಹಾಗಾದ್ರೆ ನಿಮಗೂ ಇದೇ ಕೊನೇ ರೌಂಡು."

ಮೇಡಂ ತಿರುಗಿ ಆ ಖಾಲಿ ಸೀಟನ್ನೇ ನೋಡಿದರು. ಅವರ ಮುಖ ಸಣ್ಣಗಾಗಿದ್ದನ್ನು ಕಂಡು ನನ್ನ ಹೊಟ್ಟೆ ತಣ್ಣಗಾಯಿತು.