ಊರಿಗೆಲ್ಲ ಕೊಟ್ಟ ಮುಖ

ಅವನ ಅಂಗಡಿ ಮೂರು ಮಹಡಿ ಕಟ್ಟಡದ ಮೆಟ್ಟಿಲಿನ ಕೆಳಗಿತ್ತು. ಮೇಲಿನಿಂದ ಯಾರಾದರೂ ದಡದಡ ಇಳಿದರೆ ಅವನ ತಲೆಯ ಮೇಲೆ ಸುಣ್ಣದ ಪುಡಿ ಉದುರುತ್ತಿತ್ತು. ನಿಂತರೆ ತಲೆಗೆ ತಗಲುವ, ಕೂತರೆ ಮೊಣಕಾಲಿಗೆ ತಗಲುವ ಆ ಗೂಡಿನಲ್ಲಿ ಹದಿನೆಂಟು ವರ್ಷದಿಂದ ಫೋನು ರಿಪೇರಿ ಮಾಡಿಕೊಂಡು, ಕವರು ಚಾರ್ಜರು ಮಾರಿಕೊಂಡು ಬಂದಿದ್ದ. ಫೋನಿಗೆ ಗಾಜು ಅಂಟಿಸುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಫ್ಯಾನು ಆರಿಸಿ, ಉಸಿರು ಬಿಗಿಹಿಡಿದು, ಮಲಗಿದ ಮಗುವಿಗೆ ಹೊದಿಕೆ ಹೊದಿಸುವವನ ಹಾಗೆ ಗಾಜು ಇಳಿಸುತ್ತಿದ್ದ; ಒಂದು ಗುಳ್ಳೆಯೂ ಏಳುತ್ತಿರಲಿಲ್ಲ. ಹಾಗಾಗಿ ಮಕ್ಕಳಿಗೆ ಅವನು ಗ್ಲಾಸ್ ಅಂಕಲ್. ದೊಡ್ಡವರು ಬರೀ ‘ಗ್ಲಾಸು’ ಎಂದು ಕೂಗಿದರೂ ‘ಬಂದೆ ಅಣ್ಣಾ’ ಎನ್ನುತ್ತಿದ್ದ. ಗಿರಾಕಿ ಯಾವ ಹೆಸರಿಟ್ಟು ಕರೆದರೂ ಓಗೊಡಬೇಕು. ಹೆಸರಿಗೆ ಸಿಟ್ಟಾದವನು ಅಂಗಡಿ ಇಡಬಾರದು.

ಅವನಿಗೆ ಮದುವೆಯಾಗಿರಲಿಲ್ಲ. ವಯಸ್ಸಿದ್ದಾಗ ನಾಲ್ಕು ಮನೆಯವರು ಬಂದು ನೋಡಿ, ಕಾಫಿ ಕುಡಿದು, ‘ಹೇಳಿಕಳಿಸ್ತೀವಿ’ ಎಂದು ಹೋದವರು ಇವತ್ತಿಗೂ ಹೇಳಿಕಳಿಸಿಲ್ಲ. ಅಣ್ಣನ ಮನೆಯಲ್ಲೇ ಇದ್ದ. ಅಣ್ಣ ಊರಿನ ಪಂಪ್‌ಹೌಸಿನಲ್ಲಿ ನೀರು ಬಿಡುವವನು. ಬೆಳಿಗ್ಗೆ ಐದೂವರೆಗೆ ಅವನು ವಾಲ್ವ್ ತಿರುಗಿಸಿದ ಸದ್ದಿಗೆ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು ಎಂದರೆ ಅವನು ಎಂಥವನೆಂದು ಬೇರೆ ಹೇಳಬೇಕಾಗಿಲ್ಲ. ಅತ್ತಿಗೆ ಸಾಧು. ಮನೆಯಲ್ಲಿ ಸದ್ದು ಅಂತ ಇದ್ದದ್ದು ಅಣ್ಣನ ಮಗಳದು ಮಾತ್ರ. ಅವಳಿಗೆ ಹದಿನಾಲ್ಕು, ಮನೆಯವರಿಗೆ ಪುಟ್ಟಿ.

ಪುಟ್ಟಿಗೆ ಒಂದು ವಿದ್ಯೆ ಒಲಿದಿತ್ತು. ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಅದು ಅವಳ ಗಂಟಲಲ್ಲಿ ಬಂದು ಕೂರುತ್ತಿತ್ತು. ಸೂಜಿ ಹಿಡಿದು ‘ಏನೂ ಆಗಲ್ಲ, ಏನೂ ಆಗಲ್ಲ’ ಎನ್ನುವ ನರ್ಸು, ‘ಒಳಗೆ ಹೋಗಿ, ಒಳಗೆ ಹೋಗಿ’ ಎನ್ನುವ ಕಂಡಕ್ಟರು, ಪಕ್ಕದ ಮನೆಯಾಕೆ ಗಂಡನನ್ನು ಮೂರು ಸ್ವರದಲ್ಲಿ ಕರೆಯುವುದು. ಒಂದು ಬೆರಳಿಗೆ ಕಣ್ಣು ಮೂಗು ಬರೆದು, ಅದನ್ನು ಕುಣಿಸುತ್ತ ಆ ದನಿಗಳಲ್ಲಿ ಮಾತಾಡಿಸಿ, ವಿಡಿಯೋ ಮಾಡಿ ಫೋನಿನಲ್ಲಿ ತನ್ನದೊಂದು ಖಾತೆಗೆ ಹಾಕುತ್ತಿದ್ದಳು. ಎರಡು ಸಾವಿರ ಜನ ನೋಡುತ್ತಿದ್ದರು. ಅಪ್ಪನಿಗೆ ಗೊತ್ತಿರಲಿಲ್ಲ, ಚಿಕ್ಕಪ್ಪನಿಗೆ ಗೊತ್ತಿತ್ತು.

ಆಗ ಕಾನೂನು ಬಂತು. ಹದಿನಾರು ತುಂಬದ ಮಕ್ಕಳಿಗೆ ಇಂಥ ಖಾತೆ ಇರಕೂಡದು. ಇದ್ದರೆ ಫೋನೇ ಕೇಳುತ್ತಿತ್ತು: ಮುಖ ತೋರಿಸು, ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಕಣ್ಣು ಮಿಟುಕಿಸು. ಮುಖ ಎಳಸಾಗಿ ಕಂಡರೆ ಬಾಗಿಲು ಬಂದ್.

ಪುಟ್ಟಿ ಅಂಗಡಿಗೆ ಬಂದಳು. “ಚಿಕ್ಕಪ್ಪಾ, ಒಂದ್ನಿಮಿಷ ನಿಮ್ಮ ಮುಖ ಕೊಡ್ತೀರಾ?”

“ಯಾಕಮ್ಮ, ನಿಂದೇನಾಯ್ತು?”

“ನಂದು ಚಿಕ್ಕದಂತೆ.”

ಅವನು ಫೋನು ಹಿಡಿದು ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ, ಕಣ್ಣು ಮಿಟುಕಿಸಿದ. ನಲವತ್ತೊಂಬತ್ತು ವರ್ಷ ಬಿಸಿಲಿಗೆ ಬೆಂದ ಮುಖ, ಮೂವತ್ತು ವರ್ಷದ ಮೀಸೆ. ಯಂತ್ರ ತುಟಿಪಿಟಕ್ಕೆನ್ನದೆ ಒಪ್ಪಿಕೊಂಡಿತು. ಬೋಣಿ ಮನೆ ಹುಡುಗಿಯದೇ ಆಯಿತು.

ಪುಟ್ಟಿ ಜೀವದ ಗೆಳತಿಗೆ ಹೇಳಿದಳು, ಗೆಳತಿ ಇನ್ನಿಬ್ಬರಿಗೆ. ವಾರದೊಳಗೆ ಶಾಲೆ ಬಿಟ್ಟ ಮೇಲೆ ಮೆಟ್ಟಿಲ ಬಳಿ ಸಾಲು ನಿಂತಿತು. “ಅಂಕಲ್, ಮುಖ.” “ಅಂಕಲ್, ನಂಗೂ ಒಂದು ಮುಖ.” ಮದುವೆಗೆ ಯಾರೂ ಒಲ್ಲೆನೆಂದ ಮುಖಕ್ಕೆ ಐವತ್ತರ ಹೊಸ್ತಿಲಲ್ಲಿ ಇಷ್ಟು ಗಿರಾಕಿ! ಅವನು ಮುಖಕ್ಕೆ ಕಾಸು ತೆಗೆದುಕೊಳ್ಳಲಿಲ್ಲ. “ಮುಖ ಬಿಟ್ಟಿ ಕಣ್ರೋ, ಕವರಿಗೆ ಮಾತ್ರ ದುಡ್ಡು,” ಎನ್ನುತ್ತಿದ್ದ. ಬಿಟ್ಟಿ ಅಂದ ಕಡೆ ಬಂದವರು ಬರಿಗೈಲಿ ಹೋಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆ ತಿಂಗಳು ಕವರು ಎರಡು ಸಲ ತರಿಸಬೇಕಾಯಿತು.

ಬೆಳಗಿನ ಹೊತ್ತು ಅಪ್ಪಂದಿರು ಬರುತ್ತಿದ್ದರು. “ಗ್ಲಾಸು, ಹುಡುಗನ ಫೋನಿಗೆ ಒಂದು ಬೀಗ ಹಾಕಿಕೊಡಪ್ಪಾ.” ಬೀಗ ಹಾಕಿಕೊಡುತ್ತಿದ್ದ. ಸಂಜೆ ಅದೇ ಹುಡುಗ ಬಂದು ತೆಗೆಸಿಕೊಳ್ಳುತ್ತಿದ್ದ. ಮದ್ದಳೆಯವನು ಎರಡೂ ಕಡೆ ಬಾರಿಸುತ್ತಾನೆ, ಅದಕ್ಕೆ ಅವನನ್ನು ಯಾರಾದರೂ ಮೋಸಗಾರ ಅನ್ನುತ್ತಾರೆಯೇ ಎಂದು ತನ್ನನ್ನು ತಾನೇ ಕೇಳಿಕೊಂಡ. ಇಲ್ಲ ಎಂದು ತಾನೇ ಉತ್ತರ ಹೇಳಿಕೊಂಡ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿಯುವಾಗಲೂ ಇಷ್ಟೇ ವಿಚಾರ ಮಾಡುತ್ತದೆ.

ಶಾಲೆಯಲ್ಲಿ ಪೋಷಕರ ಸಭೆ ಸೇರಿತು. ಫೋನಿನ ವಿಷಯ ಬಲ್ಲವನೆಂದು ದೊಡ್ಡ ಟೀಚರು ಅವನನ್ನೇ ಕರೆಸಿದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ, “ಬಾಗಿಲು ಮುಚ್ಚಿದರೆ ಸಾಲದು, ಚಿಲಕ ಹಾಕಿದೆಯಾ ಅಂತಲೂ ನೋಡಬೇಕು,” ಎಂದು ಭಾಷಣ ಮಾಡಿದ. ಹಿಂದಿನ ಬೆಂಚಿನಲ್ಲಿದ್ದ ಮಕ್ಕಳು, ತಮ್ಮ ತಮ್ಮ ಫೋನಿನ ಒಳಗಿರುವ ಮುಖವೇ ಎದುರಿಗೆ ನಿಂತು ಬುದ್ಧಿ ಹೇಳುತ್ತಿದ್ದರೆ ಕರ್ಚೀಫು ಕಚ್ಚಿಕೊಂಡು ಕೂತಿದ್ದರು. ಅಷ್ಟರಲ್ಲಿ ಅಣ್ಣ ಎದ್ದು ನಿಂತ. ಸಭೆಯಲ್ಲಿ ಎಂದೂ ಬಾಯಿ ತೆರೆಯದವನು ಅವತ್ತು ತೆರೆದ. “ನನ್ನ ಮಗಳ ಹತ್ರ ಅಂಥದ್ದೇನೂ ಇಲ್ಲ. ಕೇಳಿದ್ದೀನಿ, ಇಲ್ಲ ಅಂದಿದ್ದಾಳೆ. ನನ್ನ ತಮ್ಮನೇ ಸಾಕ್ಷಿ, ಬೇಕಾದ್ರೆ ಅವನನ್ನೇ ಕೇಳಿ.”

ಎಲ್ಲರೂ ತಮ್ಮನ ಕಡೆ ನೋಡಿದರು. ತಮ್ಮ ಹೌದೆಂದು ತಲೆಯಾಡಿಸಿದ. ಮುಂದಿನದ್ದಕ್ಕೆಲ್ಲ ಬೀಗ ಬಿದ್ದದ್ದು ಆ ಒಂದು ತಲೆಯಾಡಿಸುವಿಕೆಯಿಂದ.

ಈ ಕಾಲದ ಹುಡುಗಿಯರಲ್ಲಿ ಜೀವದ ಗೆಳತಿ ಎಂದರೆ ಪಾಸ್‌ವರ್ಡ್ ಕೊಟ್ಟವಳು. ಪುಟ್ಟಿ ತನ್ನ ಗೆಳತಿಗೆ ಕೊಟ್ಟಿದ್ದಳು. ಶಾಲೆಯ ಪ್ರವಾಸದ ದಿನ ಬಸ್ಸಿನಲ್ಲಿ ಪುಟ್ಟಿ ಬೇರೆ ಯಾರ ಪಕ್ಕದಲ್ಲೋ ಕೂತಳು. ಅಷ್ಟೇ. ಮರುದಿನ ಬೆಳಿಗ್ಗೆ ಅವಳ ಖಾತೆ ಅವಳಿಗೇ ತೆರೆಯಲಿಲ್ಲ. ಗೆಳತಿ ಪಾಸ್‌ವರ್ಡ್ ಬದಲಿಸಿದ್ದಳು. ಸಂಜೆಯ ಹೊತ್ತಿಗೆ ಪುಟ್ಟಿಯ ಹೆಸರಿನಲ್ಲಿ, ಪುಟ್ಟಿಯ ಬೆರಳಿನ ಚಿತ್ರದ ಕೆಳಗೆ, ತರಗತಿಯ ಹುಡುಗಿಯರ ಮೇಲೆ ಒಂದೊಂದೇ ಸಾಲು ಏಳತೊಡಗಿತು. ಯಾರ ಅಪ್ಪ ಕುಡಿದು ಎಲ್ಲಿ ಬಿದ್ದಿದ್ದ, ಯಾರು ಇನ್ನೂ ಹಾಸಿಗೆ ಒದ್ದೆ ಮಾಡುತ್ತಾಳೆ, ಯಾರ ಅಮ್ಮ ಮನೆ ಬಿಟ್ಟು ಯಾಕೆ ಹೋದಳು. ಎಲ್ಲ ನಂಬಿ ಹೇಳಿಕೊಂಡ ಗುಟ್ಟುಗಳು. ಬರೆದವಳು ಗೆಳತಿ, ಹೆಸರು ಪುಟ್ಟಿಯದು.

“ನಾನಲ್ಲ, ಅವಳು,” ಎಂದು ಪುಟ್ಟಿ ಹೇಳಿದಳು. “ಖಾತೆ ಯಾರದ್ದು?” ಎಂದು ಹುಡುಗಿಯರು ಕೇಳಿದರು. ಟೀಚರ ಮುಂದೆ ಆ ಪ್ರಶ್ನೆಗೆ ಉತ್ತರ ಹೇಳುವ ಹಾಗಿರಲಿಲ್ಲ. ಖಾತೆಯೇ ಇಲ್ಲವೆಂದು ಅಪ್ಪ ಅದೇ ಟೀಚರ ಮುಂದೆ ಎದೆ ತಟ್ಟಿ ಬಂದಿದ್ದ.

ಅವಳು ಚಿಕ್ಕಪ್ಪನ ಹತ್ತಿರ ಓಡಿ ಬಂದಳು. ಖಾತೆ ಕಳೆದುಕೊಂಡವರು ಅದನ್ನು ತೆರೆದ ಮುಖವನ್ನೇ ಮತ್ತೆ ತೋರಿಸಿದರೆ ವಾಪಸು ಸಿಗುತ್ತದೆ. “ಇಷ್ಟೇ ತಾನೆ? ಅಳ್ತಾರಾ ಇದಕ್ಕೆ?” ಎಂದು ಅವನು ಫೋನು ಹಿಡಿದ. ಎಡಕ್ಕೆ, ಬಲಕ್ಕೆ, ಕಣ್ಣು ಮಿಟುಕು. ಫೋನಿನ ಮೇಲೆ ಒಂದು ಸಾಲು ಬಂತು: ಈ ಮುಖ ಅನೇಕ ಖಾತೆಗಳಲ್ಲಿ ಕಂಡುಬಂದಿದೆ, ಸ್ವೀಕರಿಸಲಾಗುವುದಿಲ್ಲ.

ಎಪ್ಪತ್ತೋ ಎಂಬತ್ತೋ ಮಕ್ಕಳಿಗೆ ಹಂಚಿದ ಸರಕು, ಮನೆ ಹುಡುಗಿಗೆ ಬೇಕಾದ ಹೊತ್ತಿಗೆ ಖಾಲಿ.

“ಇನ್ನೊಂದ್ಸಲ ನೋಡಿ ಚಿಕ್ಕಪ್ಪಾ.” ಇನ್ನೊಂದು ಸಲ ನೋಡಿದ. ಟೋಪಿ ಹಾಕಿ ನೋಡಿದ, ಟಾರ್ಚು ಬಿಟ್ಟುಕೊಂಡು ನೋಡಿದ. ಮೂರನೆಯ ದಿನ ಮೀಸೆಯನ್ನೇ ಬೋಳಿಸಿದ. ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆ ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು.

“ಏನೋ ಇದು?” ಎಂದ ಅಣ್ಣ.

“ಸೆಕೆ ಅಣ್ಣ.”

“ಮೀಸೆಗೆ ಸೆಕೆನಾ? ಯಾವುದಾದ್ರೂ ಹೆಣ್ಣು ಗೊತ್ತಾಯ್ತೇನೋ? ಇದ್ರೆ ಹೇಳಪ್ಪಾ, ನಾನೇನು ಬೇಡ ಅಂತೀನಾ?”

ಅಣ್ಣ ವರ್ಷಕ್ಕೊಂದು ಸಲ ನಗುವವನು, ಆ ವರ್ಷದ ನಗೆ ಅವತ್ತು ನಕ್ಕ. ಪುಟ್ಟಿ ತಟ್ಟೆಯ ಮೇಲೆ ಬಗ್ಗಿದವಳು ತಲೆ ಎತ್ತಲಿಲ್ಲ. ಮೀಸೆ ಹೋದ ಮುಖವನ್ನೂ ಯಂತ್ರ ಸರಿಯಾಗಿಯೇ ಗುರುತು ಹಿಡಿದಿತ್ತು.

ಉಳಿದಿದ್ದ ದಾರಿ ಒಂದೇ. ಇದು ಹದಿನಾರು ತುಂಬದ ಮಗುವಿನ ಖಾತೆ ಎಂದು ಅಪ್ಪನೋ ಅಮ್ಮನೋ ತಮ್ಮ ಗುರುತಿನ ಚೀಟಿ ಸಮೇತ ಬರೆದುಕೊಟ್ಟರೆ ಅದನ್ನು ಪೂರ್ತಿ ಅಳಿಸಿಹಾಕುತ್ತಾರೆ. ಅವನು ಕಳ್ಳದಾರಿ ಹಿಡಿದು ದಾಟಿಸಿದ್ದ ಕಾನೂನೇ ಈಗ ಅವಳನ್ನು ಕಾಯಬಲ್ಲದಾಗಿತ್ತು. ಅತ್ತಿಗೆಯ ಚೀಟಿಯೂ ಅಣ್ಣನ ಪೆಟ್ಟಿಗೆಯಲ್ಲೇ ಇತ್ತು. ಗಂಡನನ್ನು ಕೇಳದೆ ಅವನ ಪೆಟ್ಟಿಗೆ ಮುಟ್ಟುವವಳಲ್ಲ ಆಕೆ.

“ಅಪ್ಪನಿಗೆ ಹೇಳೋದು ಬೇಡ ಚಿಕ್ಕಪ್ಪಾ, ನಿಮ್ಮ ದಮ್ಮಯ್ಯ,” ಎಂದಳು ಪುಟ್ಟಿ. ಅವನಿಗೂ ಅದೇ ಬೇಕಿತ್ತು. ಅವಳ ಭಯದ ಹಿಂದೆ ತನ್ನ ಭಯವನ್ನು ಅಡಗಿಸಿ ಕೂತ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎರಡು ದಿನ ನೋಡೋಣ, ಗೆಳತಿಗೇ ಬೇಸರ ಬಂದು ಬಿಡುತ್ತಾಳೆ ಎಂದ. ಗೆಳತಿಗೆ ಬೇಸರ ಬರಲಿಲ್ಲ. ಬಂದಿದ್ದರೂ ಓದುವವರು ಬಿಡುತ್ತಿರಲಿಲ್ಲ. ಎರಡು ಸಾವಿರ ಇದ್ದದ್ದು ಐದು ಸಾವಿರವಾಗಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ, ಶಾಲೆ ಬಿಡುವ ಹೊತ್ತಿಗೆ ಮೊದಲೇ, ಪುಟ್ಟಿ ಅಂಗಡಿಯ ಮುಂದೆ ಬಂದು ನಿಂತಳು. ಚೀಲ ಇರಲಿಲ್ಲ. ಅಂಗಿಯ ಬೆನ್ನಿಗೆ ಯಾರೋ ಶಾಯಿ ಸುರಿದಿದ್ದರು.

“ನಾನಲ್ಲ ಅಂತ ನೀವಾದ್ರೂ ಬಂದು ಹೇಳ್ತೀರಾ ಚಿಕ್ಕಪ್ಪಾ?”

ಕಟ್ಟೆಯ ಮೇಲೆ ಒಬ್ಬ ಅಪ್ಪನ ಫೋನು ಅರ್ಧ ಗಾಜು ಇಳಿದು ಮಲಗಿತ್ತು. ಕೈ ತೆಗೆದರೆ ಗುಳ್ಳೆ ಏಳುತ್ತದೆ. “ಬಂದೆ ಪುಟ್ಟಿ, ಒಂದ್ನಿಮಿಷ,” ಎಂದ. ಗಾಜು ಅಂಟಿತು, ಗುಳ್ಳೆ ಏಳಲಿಲ್ಲ. ತಲೆ ಎತ್ತಿದಾಗ ಅವಳಿರಲಿಲ್ಲ.

ಮನೆಗೆ ಓಡಿದ. ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. ಶಾಯಿ ಹಾಸಿಗೆಗೂ ಹತ್ತಿತ್ತು. ಅತ್ತಿಗೆ ಬಾಗಿಲಲ್ಲಿ ನಿಂತು, “ಏನಾಗಿದೆ ಇವಳಿಗೆ? ನಿಮಗೇನಾದ್ರೂ ಗೊತ್ತಾ?” ಎಂದು ಕೇಳಿದಳು. ಅವನು ನೇರ ಪಂಪ್‌ಹೌಸಿನ ದಾರಿ ಹಿಡಿದ.

ಮೋಟರಿನ ಸದ್ದಿನಲ್ಲಿ ಎಲ್ಲವನ್ನೂ ಕೂಗಿ ಹೇಳಬೇಕಾಯಿತು. ಗುಟ್ಟು ಹೇಳುವ ಜಾಗವೇ ಅಲ್ಲ ಅದು. ಮುಖ ಕೊಟ್ಟದ್ದು, ಸಭೆಯಲ್ಲಿ ತಲೆಯಾಡಿಸಿದ್ದು, ಗೆಳತಿ, ಸಾಲುಗಳು, ಮೀಸೆ. ಅಣ್ಣ ಬಯ್ಯಲಿಲ್ಲ, ಕೈಯೆತ್ತಲಿಲ್ಲ. ಮೋಟರು ಆರಿಸಿ, ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಒಂದೇ ಒಂದು ಪ್ರಶ್ನೆ ಕೇಳಿದ.

“ನಿಂಗೆ ಗೊತ್ತಾಗಿ ಎಷ್ಟು ದಿನ ಆಯ್ತು?”

“ಒಂಬತ್ತು.”

“ಪೈಪು ಒಡೆದ್ರೆ ಜನ ನಂಗೆ ಒಂಬತ್ತು ನಿಮಿಷದಲ್ಲಿ ಹೇಳ್ತಾರೆ ಕಣೋ. ಗುರುತು ಪರಿಚಯ ಇಲ್ಲದೋರು ಓಡಿ ಬಂದು ಹೇಳ್ತಾರೆ.”

ಅಷ್ಟು ಹೇಳಿ ಚೀಟಿ ತರಲು ಮನೆಗೆ ನಡೆದ. ಊರಿಗೆ ಅವತ್ತು ಸಂಜೆಯ ನೀರು ಅರ್ಧ ಗಂಟೆ ತಡವಾಗಿ ಬಂತು.

ಖಾತೆ ಒಂದೂವರೆ ದಿನದಲ್ಲಿ ಅಳಿಸಿಹೋಯಿತು. ಮೊದಲ ದಿನವೇ ಬರೆದುಕೊಟ್ಟಿದ್ದರೂ ಅಷ್ಟೇ ಹೊತ್ತು ಹಿಡಿಯುತ್ತಿತ್ತು. ಆದರೆ ಆ ಸಾಲುಗಳ ಚಿತ್ರ ತೆಗೆದಿಟ್ಟುಕೊಂಡವರ ಫೋನುಗಳಿಂದ ಅವನ್ನು ಅಳಿಸುವ ಕಾನೂನು ಇನ್ನೂ ಬಂದಿಲ್ಲ. ಅಣ್ಣ ಶಾಲೆಗೆ ಹೋಗಿ, ಅದೇ ಟೀಚರ ಮುಂದೆ, ಸಭೆಯಲ್ಲಿ ತಾನು ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡು ಬಂದ. ಮಗಳು ಬರೆದದ್ದಲ್ಲ ಎಂದೂ ಹೇಳಿದ. ಒಂದು ಸುಳ್ಳು ಒಪ್ಪಿಕೊಂಡವನ ಇನ್ನೊಂದು ಮಾತನ್ನು ಯಾರು ನಂಬುತ್ತಾರೆ? ತಿಂಗಳ ಕೊನೆಗೆ ಪುಟ್ಟಿಯನ್ನು ಬೇರೆ ಶಾಲೆಗೆ ಹಾಕಿದರು. ಎರಡು ಬಸ್ಸು ಬದಲಿಸಬೇಕು.

ಅವನ ಮುಖದ ಮೇಲೆ ನಡೆಯುತ್ತಿದ್ದ ಖಾತೆಗಳೆಲ್ಲ ಒಂದೇ ವಾರದಲ್ಲಿ ಉದುರಿದವು. ಮಕ್ಕಳಿಗೆ ಸಿಟ್ಟು, ಅಪ್ಪಂದಿರಿಗೆ ಅದಕ್ಕಿಂತ ಸಿಟ್ಟು. ಕೆಲವರು ಮೆಟ್ಟಿಲ ಬಳಿ ನಿಂತು ಉಗಿದು ಹೋದರು. ಉಗಿದವರಲ್ಲಿ ಅರ್ಧ ಜನ ಆಮೇಲೆ ಗಾಜು ಒಡೆದಾಗ ಬಂದರು. ಗುಳ್ಳೆ ಇಲ್ಲದ ಗಾಜು ಊರಿನಲ್ಲಿ ಬೇರೆ ಕಡೆ ಸಿಗುತ್ತಿರಲಿಲ್ಲ. ವ್ಯಾಪಾರ ಹೇಗೋ ಎದ್ದು ಕೂತಿತು.

ಮನೆ ಏಳಲಿಲ್ಲ. ಪುಟ್ಟಿ ಈಗ ಒಂದೇ ದನಿಯಲ್ಲಿ, ತನ್ನದರಲ್ಲಿ ಮಾತಾಡುತ್ತಾಳೆ, ಅದೂ ಬೇಕಾದಷ್ಟೇ. ಪಕ್ಕದ ಮನೆಯಾಕೆ ಗಂಡನನ್ನು ಮೂರು ಸ್ವರದಲ್ಲಿ ಕರೆದರೆ ಮೊದಲು ಎಲ್ಲರೂ ಪುಟ್ಟಿಯ ಕಡೆ ನೋಡುತ್ತಿದ್ದರು. ಈಗ ಯಾರೂ ನೋಡುವುದಿಲ್ಲ. ಚಿಕ್ಕಪ್ಪ ಮಾತಾಡಿಸಿದರೆ “ಹೂಂ” ಅನ್ನುತ್ತಾಳೆ, “ಗೊತ್ತಿಲ್ಲ” ಅನ್ನುತ್ತಾಳೆ, “ಚಿಕ್ಕಪ್ಪಾ” ಅನ್ನುವುದಿಲ್ಲ. ಒಂದು ಸಲ ಅವಳ ಫೋನಿನ ಗಾಜು ಬಿರುಕು ಬಿಟ್ಟಿತ್ತು. ಎರಡು ಬಸ್ಸಿನ ದಾರಿಯಲ್ಲಿ ಎಲ್ಲೋ ಹಾಕಿಸಿಕೊಂಡು ಬಂದಳು. ಮೂಲೆಯಲ್ಲಿ ಹುರುಳಿಕಾಳಿನಷ್ಟು ದೊಡ್ಡ ಗುಳ್ಳೆ. ಅವನು ನೋಡಿದ.

ಅಣ್ಣ ಮನೆ ಬಿಟ್ಟು ಹೋಗು ಅನ್ನಲಿಲ್ಲ. ಅಂದಿದ್ದರೆ ಹೋಗುತ್ತಿದ್ದ, ಒಂದು ಲೆಕ್ಕದಲ್ಲಿ ಹಗುರವಾಗುತ್ತಿತ್ತು. ಅದರ ಬದಲು ದಿನಾ ಊಟ ಮುಗಿದ ಮೇಲೆ, ಕೈ ತೊಳೆಯಲು ಏಳುವ ಮುಂಚೆ, ಐದೂವರೆಯ ವಾಲ್ವಿನಷ್ಟೇ ತಪ್ಪದೆ ಕೇಳುತ್ತಾನೆ:

“ನಂಗೆ ಹೇಳಬೇಕಾದ್ದು ಏನಾದ್ರೂ ಇದೆಯೇನೋ?”

“ಇಲ್ಲ ಅಣ್ಣ.”

ನಿಜವಾಗಿಯೂ ಇರುವುದಿಲ್ಲ. ಆದರೂ ಅಣ್ಣ ಇನ್ನೂ ಸ್ವಲ್ಪ ಹೊತ್ತು ಕಾಯುತ್ತಾನೆ. ಒಳಗಿನ ಕೋಣೆಯಲ್ಲಿ ಪುಟ್ಟಿ ಪುಸ್ತಕದ ಹಾಳೆ ತಿರುಗಿಸುವುದನ್ನು ನಿಲ್ಲಿಸಿರುತ್ತಾಳೆ. ಆಮೇಲೆ ಅಣ್ಣ ಏಳುತ್ತಾನೆ, ನಲ್ಲಿಯ ಸದ್ದಾಗುತ್ತದೆ, ಒಳಗೆ ಹಾಳೆ ತಿರುಗುತ್ತದೆ. ಅವನು ಎಂಜಲು ಒಣಗಿದ ಕೈ ಹಿಡಿದುಕೊಂಡು ತನ್ನ ಸರದಿ ಬರುವ ತನಕ ಕೂತಿರುತ್ತಾನೆ.